ದಿಲ್ಲಿಯ ಗುಡ್ಡದಲ್ಲಿ ಬಳ್ಳಾರಿ ಜಾಲಿ

ಊರಿನಿಂದ ಮೊದಲ ಸಲ ದಿಲ್ಲಿಗೆ ಬರುವ ನಂಟರಿಷ್ಟರು ಒಂದು ಮಾತನ್ನು ತಪ್ಪದೇ ಹೇಳುತ್ತಾರೆ. "ಏನ್ರೀ, ದಿಲ್ಲಿ ಅಂದ್ರೆ ಬರೀ ಧೂಳು, ಹೊಗೆ ಅಂದ್ಕೊಂಡಿದ್ವಿ. ಇಷ್ಟೊಂದು ಹಸಿರಿದೆಯಲ್ಲ!" ಧೌಲಾ ಕುವಾಂ ದಾಟಿ ಕರೋಲ್ ಬಾಗ್ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಕಾಡು. ಬಸ್ಸಿನ ಕಿಟಕಿಯಿಂದ ನೋಡಿದರೆ ರಾಜಧಾನಿಯ ನಟ್ಟನಡುವೆ ಯಾವುದೋ ಘಟ್ಟದ ರಸ್ತೆಯಲ್ಲಿ ಹೋದಂತೆ ಅನ್ನಿಸುತ್ತದೆ. ನಾನು ಮಾತ್ರ ಅವರಿಗೆ ಹೇಳುವುದು ಇಷ್ಟೇ: ಸ್ವಲ್ಪ ಹತ್ತಿರ ಹೋಗಿ ಎಲೆ ನೋಡಿ, ಮುಳ್ಳು ನೋಡಿ. ಎಲ್ಲೋ ನೋಡಿದ ಗಿಡ ಅನ್ನಿಸುವುದಿಲ್ಲವೇ? ಹೌದು, ಅದು ನಮ್ಮ ಬಳ್ಳಾರಿ ಜಾಲಿ! ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಾದರೆ ಹೇಳಿಕೊಡಬೇಕಾಗಿಯೇ ಇಲ್ಲ. ಹಳ್ಳದ ದಂಡೆ, ಕೆರೆಯಂಗಳ, ರೈಲು ಹಳಿಯ ಪಕ್ಕ, ಪಾಳುಬಿದ್ದ ಹೊಲ, ಎಲ್ಲಿ ನೋಡಿದರೂ ಅದೇ.

ಇಲ್ಲಿ ಅದರ ಹೆಸರು ವಿಲಾಯತಿ ಕೀಕರ್. ಅಂದರೆ ಸೀಮೆ ಜಾಲಿ. ತಮಿಳರು ಸೀಮೈ ಕರುವೇಲಂ ಅನ್ನುತ್ತಾರೆ, ತೆಲುಗರು ಸರ್ಕಾರು ತುಮ್ಮ ಅನ್ನುತ್ತಾರೆ, ರಾಜಸ್ಥಾನದಲ್ಲಿ ಅಂಗ್ರೇಜಿ ಬಬೂಲ್, ಗುಜರಾತಿನಲ್ಲಿ ಗಾಂಡೋ ಬಾವಳ, ಎಂದರೆ ಹುಚ್ಚು ಜಾಲಿ. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಯಾವ ಊರಿನವರೂ ಇದನ್ನು ತಮ್ಮದು ಎಂದು ಒಪ್ಪಿಕೊಂಡಿಲ್ಲ. ಒಬ್ಬರಿಗೆ ಅದು ವಿಲಾಯತಿಯದು, ಇನ್ನೊಬ್ಬರಿಗೆ ಸರ್ಕಾರದ್ದು, ನಮಗೆ ಬಳ್ಳಾರಿಯದು. (ಬಳ್ಳಾರಿಯವರು ಇದಕ್ಕೆ ಏನು ಹೇಳುತ್ತಾರೋ!)

ನಾನು ಕುಷ್ಟಗಿ ಕಡೆಯ ಹಳ್ಳಿಯವನು. ಸರ್ಕಾರಿ ನೌಕರಿ ಹಿಡಿದು 1983ರಲ್ಲಿ ದಿಲ್ಲಿಗೆ ಬಂದೆ. ಮೊದಲು ಆರ್.ಕೆ.ಪುರಂನ ಕ್ವಾರ್ಟರ್ಸು, ಆಮೇಲೆ ವಸಂತ ಕುಂಜದ ಡಿ.ಡಿ.ಎ. ಫ್ಲ್ಯಾಟು. ಎರಡೂ ಕಡೆ ಈ ಗುಡ್ಡ ನನ್ನ ನೆರೆಮನೆ. ನಲವತ್ತು ವರ್ಷ ನೋಡಿದ ಮೇಲೆ ಅದರ ಚರಿತ್ರೆಯನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು. ಇದು ಕೇವಲ ಗಿಡದ ಕಥೆಯಲ್ಲ. ತೋಟ ಮಾಡುವುದು ಅಂದರೇನು, ಕಾಡು ಮರಳಿ ತರುವುದು ಅಂದರೇನು, ಯಾವುದು ಈ ಮಣ್ಣಿನದು, ಯಾವುದು ಹೊರಗಿನದು ಎಂಬ ಜಗಳದ ಕಥೆಯೂ ಹೌದು. ನಮ್ಮಂಥ ಹೊರನಾಡಿನವರಿಗೆ ಈ ಕೊನೆಯ ಪ್ರಶ್ನೆ ಸ್ವಲ್ಪ ಹೆಚ್ಚೇ ಚುಚ್ಚುತ್ತದೆ.

ಗುಡ್ಡ ಅಂದರೆ ಯಾವುದು?

ದಿಲ್ಲಿಯವರು ರಿಡ್ಜ್ ಅನ್ನುವುದು ಅರಾವಳಿ ಬೆಟ್ಟಸಾಲಿನ ಬಾಲದ ತುದಿಯನ್ನು. ಗುಜರಾತಿನಲ್ಲಿ ಶುರುವಾಗಿ ರಾಜಸ್ಥಾನ, ಹರಿಯಾಣ ದಾಟಿ ಬರುವ ಅರಾವಳಿ, ದಿಲ್ಲಿಯಲ್ಲಿ ಯಮುನೆಯ ದಂಡೆಗೆ ಬಂದು ಮುಗಿಯುತ್ತದೆ. ತೆಂಕಣದ ಭಾಟಿಯಿಂದ ಬಡಗಣದ ವಜೀರಾಬಾದಿನವರೆಗೆ ಸುಮಾರು 35 ಕಿಲೋಮೀಟರ್. ಎತ್ತರವೇನೂ ಇಲ್ಲ; ನಮ್ಮ ಕಡೆಯವರು ಇದನ್ನು ಬೆಟ್ಟ ಅನ್ನಲಿಕ್ಕಿಲ್ಲ, ದಿಬ್ಬ ಅನ್ನಬಹುದು. ಆದರೆ ಕಲ್ಲು ಬಹಳ ಹಳೆಯದು. ಕ್ವಾರ್ಟ್‌ಜೈಟ್ ಎಂಬ ಈ ಬಂಡೆಗೆ ಸುಮಾರು 150 ಕೋಟಿ ವರ್ಷ ವಯಸ್ಸು. ಹಿಮಾಲಯ ಇದರ ಮುಂದೆ ಮೊನ್ನೆ ಹುಟ್ಟಿದ ಕೂಸು.

ಈಗ ರಿಡ್ಜ್ ಒಂದೇ ತುಂಡಾಗಿ ಉಳಿದಿಲ್ಲ. ಯೂನಿವರ್ಸಿಟಿಯ ಪಕ್ಕದ ಉತ್ತರ ರಿಡ್ಜ್ 87 ಹೆಕ್ಟೇರ್, ರಾಷ್ಟ್ರಪತಿ ಭವನದ ಹಿಂದಿನ ಮಧ್ಯ ರಿಡ್ಜ್ 864 ಹೆಕ್ಟೇರ್, ಮೆಹ್ರೌಲಿ-ವಸಂತ ಕುಂಜದ ಕಡೆಯದು 626 ಹೆಕ್ಟೇರ್, ಎಲ್ಲಕ್ಕಿಂತ ದೊಡ್ಡದು 6200 ಹೆಕ್ಟೇರಿನ ದಕ್ಷಿಣ ರಿಡ್ಜ್. ನಡುನಡುವೆ ರಸ್ತೆ, ಕಾಲೋನಿ, ಮಿಲಿಟರಿ ಜಾಗ, ಮಾಲ್.

ಹಳೆಯ ದಿಲ್ಲಿಯ ರೈತರು ತಮ್ಮ ನೆಲವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಿದ್ದರು. ಗುಡ್ಡದ ಕಲ್ಲುನೆಲ ಕೋಹಿ, ನದಿ ಪಾತ್ರದ ಹೊಸ ಮಣ್ಣು ಖಾದರ್, ಎತ್ತರದ ಹಳೆಯ ಮೆಕ್ಕಲು ಬಾಂಗರ್, ನೀರು ನಿಲ್ಲುವ ತಗ್ಗು ಡಾಬರ್. ನಮ್ಮಲ್ಲಿ ಎರೆ, ಮಸಾರಿ, ಗರಸು ಅನ್ನುವುದಿಲ್ಲವೇ, ಹಾಗೆ. ಪ್ರತಿ ಮಣ್ಣಿಗೆ ಅದರದೇ ಗಿಡ. ಈ ನಾಲ್ಕು ಪದಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಲ್ತಾನರ ತೋಟ, ಗೊಲ್ಲರ ಗುಡ್ಡ

ದಿಲ್ಲಿಯಲ್ಲಿ ತೋಟಗಳಿಗೆ ಎಂದೂ ಬರವಿರಲಿಲ್ಲ. 14ನೇ ಶತಮಾನದ ಫಿರೋಜ್ ಶಾ ತುಘಲಕ್ ದಿಲ್ಲಿಯ ಸುತ್ತಮುತ್ತ 1200 ತೋಟ ಮಾಡಿಸಿದ ಎಂದು ಅವನ ಕಾಲದ ಚರಿತ್ರೆ ಬರೆದ ಆಫೀಫ್ ಹೇಳುತ್ತಾನೆ. ಮೊಗಲರ ಕಾಲಕ್ಕೆ ರೋಶನಾರಾ ಬಾಗ್, ಶಾಲಿಮಾರ್ ಬಾಗ್ ಬಂದವು. 1658ರಲ್ಲಿ ಔರಂಗಜೇಬ ಮೊದಲ ಸಲ ಪಟ್ಟಕ್ಕೇರಿದ್ದು ಈ ಶಾಲಿಮಾರ್ ಬಾಗಿನಲ್ಲೇ. ಆದರೆ ಗಮನಿಸಿ, ಈ ತೋಟಗಳೆಲ್ಲ ನೀರು ಹರಿಯುವ ಬಯಲಿನಲ್ಲಿದ್ದವು. ಗುಡ್ಡದ ಮೇಲೆ ಯಾರೂ ತೋಟ ಮಾಡಲಿಲ್ಲ. ಗುಡ್ಡ ಬೇಟೆಗೆ ಮತ್ತು ದನಕ್ಕೆ. ಫಿರೋಜ್ ಶಾ ಕಟ್ಟಿಸಿದ ಮಾಲ್ಚಾ ಮಹಲ್, ಭೂಲಿ ಭಟಿಯಾರಿ ಕಾ ಮಹಲ್, ಪೀರ್ ಗೈಬ್ ಎಲ್ಲವೂ ರಿಡ್ಜ್ ಮೇಲಿನ ಶಿಕಾರಿ ಮನೆಗಳು ಎನ್ನುತ್ತಾರೆ. ಉಳಿದ ದಿನ ಅಲ್ಲಿ ಓಡಾಡುತ್ತಿದ್ದವರು ಗುಜ್ಜರರು, ಅವರ ಎಮ್ಮೆ, ಮೇಕೆ.

ಆಗ ಅಲ್ಲಿದ್ದ ಗಿಡ ಯಾವುವು? ಧೌ, ಬಿಳಿಜಾಲಿ, ಕರಿಜಾಲಿ, ಬೋರೆ, ಬನ್ನಿ, ತಗ್ಗಿನಲ್ಲಿ ಮುತ್ತುಗ, ಬಂಡೆಯ ಸಂದಿಯಲ್ಲಿ ಆಡುಸೋಗೆ. ಓದುತ್ತಿದ್ದರೆ ಬಯಲುಸೀಮೆಯ ಯಾವುದೋ ಗುಡ್ಡದ ಪಟ್ಟಿಯ ಹಾಗಿದೆ ಅಲ್ಲವೇ? ಧೌ ಒಂದೇ ನಮಗೆ ಹೊಸದು. ಅದು ನಮ್ಮ ದಿಂಡಿಗ ಮರದ ದಾಯಾದಿ. ಅದರದೊಂದು ಗುಣ ಕೇಳಿ: ದನ ಮೇಕೆ ಮೇಯುತ್ತಲೇ ಇದ್ದರೆ ಅದು ಮೇಲೇಳುವುದೇ ಇಲ್ಲ, ಚಾಪೆಯ ಹಾಗೆ ಬಂಡೆಯ ಮೇಲೆ ಹರಡಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಮೇಯುವುದು ನಿಂತಿತೋ, ಎದ್ದು ಮರವಾಗುತ್ತದೆ. ಇಂಥ ತಾಳ್ಮೆ ಇರುವ ಗಿಡ ಇನ್ನೊಂದನ್ನು ನಾನು ಕಂಡಿಲ್ಲ.

ವೈಸ್‌ರಾಯ್ ಮನೆಗೆ ಹಸಿರು ಪರದೆ

1857ರ ಬೇಸಿಗೆಯಲ್ಲಿ ಬ್ರಿಟಿಷ್ ಸೈನ್ಯ ದಿಲ್ಲಿಯನ್ನು ಮರಳಿ ಹಿಡಿಯಲು ಬೀಡುಬಿಟ್ಟಿದ್ದು ಉತ್ತರ ರಿಡ್ಜ್ ಮೇಲೆ. ಅವರ ಪಾಲಿಗೆ ಅದು ವೀರಭೂಮಿಯಾಯಿತು. 1880ರ ದಶಕದಲ್ಲಿ ಅಲ್ಲಿ ದನ ಬಿಡಬಾರದೆಂದು ಬೇಲಿ ಬಂತು, ಗಿಡ ನೆಡುವುದು ಶುರುವಾಯಿತು. ಮಣ್ಣು ಇಲ್ಲ, ನೀರು ಇಲ್ಲ, ಮೇಲಿಂದ 45 ಡಿಗ್ರಿಯ ಬಿಸಿಲು, ಲೂ ಗಾಳಿ. ನೆಟ್ಟದ್ದರಲ್ಲಿ ಬಹಳಷ್ಟು ಒಣಗಿದವು.

1911ರ ಡಿಸೆಂಬರಿನ ದರ್ಬಾರಿನಲ್ಲಿ ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ ಎಂದು ಘೋಷಣೆ ಆದ ಮೇಲೆ ಗುಡ್ಡದ ಹಣೆಬರಹವೇ ಬದಲಾಯಿತು. ರಾಯಸೀನಾ ದಿಬ್ಬದ ಮೇಲೆ ವೈಸ್‌ರಾಯ್ ಮನೆ. ಅದರ ಹಿಂದೆ ಬೋಳು ಗುಡ್ಡ ಕಂಡರೆ ಚೆನ್ನಾಗಿರುತ್ತದೆಯೇ? ಹಸಿರು ಪರದೆ ಬೇಕು. 1913ರಲ್ಲಿ ಮಧ್ಯ ರಿಡ್ಜ್ ಮೀಸಲು ಅರಣ್ಯವಾಯಿತು. ಅಂದರೆ ಇದು ಕಾಡನ್ನು ಉಳಿಸಲು ಮಾಡಿದ ಮೀಸಲಲ್ಲ, ಅರಮನೆಗೆ ಹಿನ್ನೆಲೆ ಚಿತ್ರ ಬರೆಯಲು ಮಾಡಿದ ಮೀಸಲು. ಗುಡ್ಡವನ್ನೇ ಒಂದು ದೊಡ್ಡ ತೋಟವೆಂದು ತಿಳಿದರು.

ಈ ಕಥೆಯಲ್ಲಿ ಹೆಚ್ಚಾಗಿ ಯಾರೂ ಹೇಳದ ಭಾಗ ಮಾಲ್ಚಾದ್ದು. ಚಾಣಕ್ಯಪುರಿಯಲ್ಲಿ ಮಾಲ್ಚಾ ಮಾರ್ಗ್ ಎಂಬ ದುಬಾರಿ ರಸ್ತೆಯಿದೆ, ದಿಲ್ಲಿಯ ಕನ್ನಡಿಗರಲ್ಲಿ ಅದನ್ನು ಕಾಣದವರಿಲ್ಲ. ಅಲ್ಲಿ ಮಾಲ್ಚಾ ಎಂಬ ಹಳ್ಳಿಯಿತ್ತು. ಹೊಸ ರಾಜಧಾನಿಗಾಗಿ ರಾಯಸೀನಾ, ಮಾಲ್ಚಾ ಮುಂತಾದ ಹಳ್ಳಿಗಳ ನೆಲ ಹೋಯಿತು. ಮಾಲ್ಚಾದ ಅನೇಕ ಮನೆತನಗಳು ಸೋನಿಪತ್ ಕಡೆ ಹೋಗಿ ನೆಲೆಸಿದವು. ಅಲ್ಲಿ ಹರ್ಸಾನಾ ಮಾಲ್ಚಾ ಎಂಬ ಊರು ಇಂದಿಗೂ ಇದೆ. ಊರು ಬಿಟ್ಟರೂ ಹೆಸರು ಬಿಡಲಿಲ್ಲ, ನೋಡಿ. ನೂರು ವರ್ಷ ಕಳೆದರೂ ಆ ನೆಲದ ಪರಿಹಾರಕ್ಕೆ ಅವರ ಮೊಮ್ಮಕ್ಕಳು ಕೋರ್ಟಿಗೆ ಅಲೆದದ್ದು ಪತ್ರಿಕೆಗಳಲ್ಲಿ ಬಂದಿದೆ.

ಇನ್ನು ಗಿಡದ ಮಾತು. ಗುಡ್ಡಕ್ಕೆ ಊರಿನ ಗಿಡಗಳನ್ನೂ ಹಾಕಿ ನೋಡಿದರು. ಅವು ನಿಧಾನ. 1915ರ ಸುಮಾರಿಗೆ ದಿಲ್ಲಿಗೆ ಬಂದದ್ದೇ ವಿಲಾಯತಿ ಕೀಕರ್. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ. ಜಮೈಕಾದಿಂದ ತರಿಸಿದ ಬೀಜವನ್ನು 1877ರಲ್ಲಿ ಆಗಿನ ಮದ್ರಾಸ್ ಪ್ರಾಂತದ ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದ್ದರು. ಸೌದೆಯ ಬರ ನೀಗಲಿ ಎಂಬುದು ಉದ್ದೇಶ. ಕಡಪಾ ಬಳ್ಳಾರಿಗೆ ದೂರವಲ್ಲ. ಬಳ್ಳಾರಿ ಆಗ ಅದೇ ಪ್ರಾಂತದ ಜಿಲ್ಲೆ. ಜೋಧಪುರದ ಸಂಸ್ಥಾನವಂತೂ ಮರಳು ತಡೆಯುತ್ತದೆಂದು ಮೆಚ್ಚಿ 1940ರಲ್ಲಿ ಇದನ್ನು ರಾಜವೃಕ್ಷ ಎಂದು ಸಾರಿತು!

ಗೆದ್ದದ್ದು ಹೇಗೆ ಅಂತ ಕೇಳಿ. ಎಲೆ ದನಕ್ಕೆ ರುಚಿಸುವುದಿಲ್ಲ, ಆದ್ದರಿಂದ ಗಿಡ ಉಳಿಯುತ್ತದೆ. ಕಾಯಿ ಮಾತ್ರ ಸಿಹಿ. ಆಡು, ದನ ಅದನ್ನು ತಿಂದು ಬೀಜವನ್ನು ಗೊಬ್ಬರದ ಸಮೇತ ಊರೆಲ್ಲ ಬಿತ್ತುತ್ತವೆ. ಕಡಿದರೆ ಬುಡದಿಂದ ನಾಲ್ಕು ಕವಲು ಚಿಗುರುತ್ತವೆ. ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಕೆಳಗೆ ಬಿದ್ದ ಎಲೆಯ ಕಸ ಬೇರೆ ಬೀಜ ಮೊಳೆಯದಂತೆ ತಡೆಯುತ್ತದೆ. ಹೀಗೆ ಐವತ್ತು ಅರವತ್ತು ವರ್ಷದಲ್ಲಿ ರಿಡ್ಜ್ ಹಸಿರಾಯಿತು, ಆದರೆ ಒಂದೇ ಗಿಡದ ಹಸಿರು. ಅದರ ಕೆಳಗೆ ಕೂತು ನೋಡಿ. ಹುಲ್ಲು ಕಡಿಮೆ, ಸಸಿ ಕಡಿಮೆ.

ಅವ್ವನ ಒಲೆ

ಇಷ್ಟು ಬರೆದ ಮೇಲೆ ಬಳ್ಳಾರಿ ಜಾಲಿಯನ್ನು ಬೈದು ಮುಗಿಸಿಬಿಡುವುದು ಸುಲಭ. ನನ್ನ ಕೈಲಿ ಆಗದು.

ನಮ್ಮ ಮನೆಗೆ ಗ್ಯಾಸ್ ಬಂದದ್ದು ನಾನು ನೌಕರಿಗೆ ಸೇರಿ ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ರೊಟ್ಟಿ ಬೆಂದದ್ದೆಲ್ಲ ಜಾಲಿ ಕಟ್ಟಿಗೆಯ ಮೇಲೆ. ಅವ್ವ ಒಮ್ಮೆ ದಿಲ್ಲಿಗೆ ಬಂದಾಗ ಗುಡ್ಡದ ಅಂಚಿಗೆ ಕರೆದುಕೊಂಡು ಹೋಗಿದ್ದೆ. ಗಿಡ ಕಂಡ ಕೂಡಲೇ ಅವಳ ಮುಖ ಅರಳಿತು. "ಅಯ್ಯ, ಇದು ಇಲ್ಲೂ ಐತೇನೋ! ನಿಮ್ಮ ದಿಲ್ಲಿಯೊಳಗ ನನಗ ಗುರುತು ಸಿಕ್ಕಿದ್ದು ಇದೊಂದಽ ನೋಡು" ಅಂದಳು. ಇದನ್ನು ತೆಗೆಸಬೇಕು ಅಂತ ಇಲ್ಲಿಯವರು ಹೇಳುತ್ತಾರೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಳ್ಳು ಚುಚ್ಚತೈತಿ ಖರೆ. ಬರಗಾಲದಾಗ ಒಲಿ ಉರಿಸಿದ್ದು ಯಾವ ಗಿಡ ಅಂತ ಅವರನ್ನ ಕೇಳು" ಅಂದಳು.

ಅವಳ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ರಿಡ್ಜ್ ಅಂಚಿನ ಜುಗ್ಗಿಗಳ ಹೆಂಗಸರು ಬೆಳಗಿನ ಜಾವ ತಲೆಯ ಮೇಲೆ ಹೊರೆ ಹೊತ್ತು ಬರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆ ಹೊರೆಯಲ್ಲಿ ಇದ್ದದ್ದು ಇದೇ ಕೀಕರ್. ಕಾಡು ಯಾರಿಗೆ ಬೇಕು, ಯಾತಕ್ಕೆ ಬೇಕು ಎಂಬುದಕ್ಕೆ ಬಂಗಲೆಯವರ ಉತ್ತರ ಬೇರೆ, ಹೊರೆ ಹೊರುವವರ ಉತ್ತರ ಬೇರೆ.

ಗಣಿಯ ಗಾಯ

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿ ಬೆಳೆದ ವೇಗ ನಿಮಗೆ ಗೊತ್ತು. ಕಟ್ಟುವುದಕ್ಕೆ ಕಲ್ಲು, ಮರಳು ಬೇಕಲ್ಲ? ದಕ್ಷಿಣ ರಿಡ್ಜ್‌ನ ಭಾಟಿ ಗಣಿಗಳಿಂದ ಬಂದ ಕೆಂಪು ಮರಳಿಗೆ ಇಲ್ಲಿನ ಗೌಂಡಿಗಳು ಬದರ್‌ಪುರ್ ಎನ್ನುತ್ತಾರೆ. ನಾನಿರುವ ಫ್ಲ್ಯಾಟಿನ ಗೋಡೆಯಲ್ಲೂ ಅದೇ ಇರಬಹುದು. ಅಂದರೆ ಗುಡ್ಡವನ್ನು ಅಗೆದೇ ನಮಗೆಲ್ಲ ಮನೆ ಆಗಿದೆ. ಭಾಟಿ ಗಣಿಗಳನ್ನು 1990-91ರಲ್ಲಿ ಮುಚ್ಚಿದರು. 1986ರಲ್ಲೇ ವನ್ಯಧಾಮವಾಗಿದ್ದ ಅಸೋಲಾಕ್ಕೆ 1991ರಲ್ಲಿ ಭಾಟಿಯನ್ನೂ ಸೇರಿಸಿದರು. 1994ರ ಮೇ ತಿಂಗಳಲ್ಲಿ ಸುಮಾರು 7,777 ಹೆಕ್ಟೇರ್ ರಿಡ್ಜ್ ಭೂಮಿಯನ್ನು ಮೀಸಲು ಅರಣ್ಯ ಮಾಡುವ ಅಧಿಸೂಚನೆ ಬಂತು.

ಗಣಿ ನಿಂತಾಗ ಅಲ್ಲಿ ಮಣ್ಣು ಅಗೆಯುತ್ತಿದ್ದ ಓಡ್ ಸಮುದಾಯದ ಜನರ ಕೆಲಸವೂ ನಿಂತಿತು. ಇವರಲ್ಲಿ ಬಹಳಷ್ಟು ಮಂದಿ ದೇಶ ಒಡೆದಾಗ ಪಾಕಿಸ್ತಾನದ ಕಡೆಯಿಂದ ಬಂದ ಮನೆತನದವರು. ಆಮೇಲೆ ಅವರ ವಸತಿಯೇ ವನ್ಯಧಾಮದೊಳಗೆ ಸೇರಿಹೋಗಿ, "ನೀವು ಇಲ್ಲಿಂದ ಏಳಬೇಕು" ಎಂಬ ಮಾತು ಬಂತು. ಊರಿಗಾಗಿ ಗುಡ್ಡ ಅಗೆದವರು ಅವರು, ಗುಡ್ಡ ಕೆಡಿಸಿದವರು ಎಂಬ ಹೆಸರೂ ಅವರಿಗೇ. ಮಾಲ್ಚಾದ ಕಥೆ ಮತ್ತೊಂದು ರೂಪದಲ್ಲಿ ಬಂತು ಅನ್ನಿಸಿತು ನನಗೆ.

ನಮ್ಮ ವಸಂತ ಕುಂಜ, ವಸಂತ ವಿಹಾರದ ನಡುವಿನ ಗುಡ್ಡದ ಸ್ಥಿತಿಯೂ ಹಾಗೇ ಇತ್ತು. 1990ರ ದಶಕದ ನಡುವಿನಲ್ಲಿ ನಾನು ಅಲ್ಲಿ ಅಡ್ಡಾಡಿದಾಗ ಕಂಡದ್ದು ಬಾಯ್ದೆರೆದ ಗಣಿಗುಂಡಿಗಳು, ಕೊಚ್ಚಿಹೋದ ಮಣ್ಣು, ಅಂಚಿನಲ್ಲಿ ಕೀಕರ್, ಗುಂಡಿಯ ತಳದಲ್ಲಿ ಎಕ್ಕದ ಗಿಡ. ಇಲ್ಲಿ ಮತ್ತೆ ಏನಾದರೂ ಬೆಳೆದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕಾಡು ಕಟ್ಟುವ ಕೆಲಸ

ಆದರೆ ಬೆಳೆಯಿತು. ದಿಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಮತ್ತು ಅವರ ತಂಡ ಡಿ.ಡಿ.ಎ. ಜೊತೆ ಸೇರಿ ಜೀವವೈವಿಧ್ಯ ಉದ್ಯಾನಗಳ ಯೋಜನೆ ಹಾಕಿತು. ಮೊದಲನೆಯದು ವಜೀರಾಬಾದಿನ ಹತ್ತಿರ ಯಮುನೆಯ ಪಕ್ಕದಲ್ಲಿ, 2002ರ ಸುಮಾರಿಗೆ. ಅಲ್ಲಿ ಮಣ್ಣಿನಲ್ಲಿ ಉಪ್ಪು. ಮೊದಲು ಉಪ್ಪು ತಾಳುವ ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಕೆರೆ ತೋಡಿದ ಮೇಲೆ ಚಳಿಗಾಲದ ವಲಸೆ ಬಾತುಗಳು ಬಂದವು. 2016ರ ನವೆಂಬರಿನಲ್ಲಿ ಒಂದು ಚಿರತೆಯೇ ಬಂದು ಕೂತಿತು! ಊರವರು ಹೆದರಿದ್ದರಿಂದ ಮುಂದಿನ ತಿಂಗಳು ಅದನ್ನು ಹಿಡಿದು ಶಿವಾಲಿಕ್ ಕಾಡಿಗೆ ಬಿಟ್ಟರು. ಕಾಡು ಬೇಕು, ಕಾಡಿನವರು ಬೇಡ. ಅದು ಬೇರೆ ವಿಷಯ.

ಎರಡನೆಯದೇ ನಮ್ಮ ಪಕ್ಕದ ಅರಾವಳಿ ಜೀವವೈವಿಧ್ಯ ಉದ್ಯಾನ, ಸುಮಾರು 692 ಎಕರೆ. ಇಲ್ಲಿ ನಾನು ಬೆಳಗಿನ ವಾಕಿಂಗ್ ಮಾಡುತ್ತ ಇಪ್ಪತ್ತು ವರ್ಷ ಕೆಲಸವನ್ನು ಕಣ್ಣಾರೆ ನೋಡಿದ್ದೇನೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ಕೀಕರನ್ನು ನಡೆಸಿಕೊಂಡ ರೀತಿ. ಬುಲ್ಡೋಜರ್ ತಂದು ಒಂದೇ ಏಟಿಗೆ ಕಿತ್ತು ಹಾಕಲಿಲ್ಲ. ಹಾಗೆ ಮಾಡಿದ್ದರೆ ಇದ್ದಬದ್ದ ಮಣ್ಣೂ ಮೊದಲ ಮಳೆಗೆ ಕೊಚ್ಚಿ ಹೋಗುತ್ತಿತ್ತು, ಹಕ್ಕಿಗಳಿಗೆ ಗೂಡಿಲ್ಲದಾಗುತ್ತಿತ್ತು, ಬುಡದಿಂದ ಕೀಕರ್ ಮತ್ತೆ ಚಿಗುರುತ್ತಲೂ ಇತ್ತು. ಅದರ ಬದಲು ಮೇಲಿನ ರೆಂಬೆಗಳನ್ನು ಸವರಿ ಬಿಸಿಲು ಕೆಳಗಿಳಿಯುವಂತೆ ಮಾಡಿದರು. ಆ ಬಿಸಿಲಿನಲ್ಲಿ ಅರಾವಳಿಯದೇ ಹುಲ್ಲು, ಪೊದೆ, ಸಸಿಗಳನ್ನು ನೆಟ್ಟರು. ಕೀಕರ್ ಬೇರಿನಿಂದ ಮಣ್ಣಿಗೆ ಸೇರಿದ ಸಾರಜನಕ ಈ ಸಸಿಗಳಿಗೇ ಗೊಬ್ಬರ. ಹತ್ತಾರು ವರ್ಷದಲ್ಲಿ ಊರಿನ ಮರ ಮೇಲೆದ್ದು ನೆರಳು ಹಾಕಿತೋ, ಬಿಸಿಲು ಬೇಡುವ ಕೀಕರ್ ತಾನಾಗಿ ಸೊರಗುತ್ತದೆ.

ಗಣಿಗುಂಡಿಗಳನ್ನೂ ಮುಚ್ಚಲಿಲ್ಲ. ಆಳದ ಗುಂಡಿಯಲ್ಲಿ ತಂಪು, ತೇವ ಜಾಸ್ತಿ. ಅಂಥ ಒಂದರಲ್ಲಿ ಜರೀಗಿಡಗಳ ತೋಟ, ಇನ್ನೊಂದರಲ್ಲಿ ಸೀತಾಳೆ ದಂಡೆಗಳು, ಮತ್ತೊಂದು ಕಡೆ ಚಿಟ್ಟೆಗಳಿಗೆ ಬೇಕಾದ ಗಿಡ. ಈಗ ಹೋದರೆ ನೀಲಗಾಯಿ, ನರಿ, ನವಿಲು ಕಾಣುತ್ತವೆ. ಕೌಜುಗದ ಕೂಗು ಕೇಳಿದಾಗ ನಮ್ಮೂರ ಹೊಲದ ಬದು ನೆನಪಾಗುತ್ತದೆ.

ಏನು ನೆಡಬೇಕು ಎಂದು ತಿಳಿದದ್ದು ಹೇಗೆ? ಒಂದು ಹಳೆಯ ಪುಸ್ತಕದಂತೆ ಉಳಿದಿರುವ ಜಾಗವಿದೆ, ಮಾಂಗರ್ ಬನಿ. ದಿಲ್ಲಿ ಗಡಿ ದಾಟಿದ ಕೂಡಲೇ, ಫರೀದಾಬಾದ್ ಜಿಲ್ಲೆಯಲ್ಲಿ. ಗುದಡಿಯಾ ದಾಸ್ ಬಾಬಾನ ಹೆಸರಿನಲ್ಲಿ ಅಲ್ಲಿನ ಗುಜ್ಜರ್ ಹಳ್ಳಿಗಳವರು ಒಂದು ಕಣಿವೆಯ ಕಾಡನ್ನು ತಲೆಮಾರುಗಳಿಂದ ಮುಟ್ಟದೆ ಕಾಪಾಡಿದ್ದಾರೆ. ಕೊಂಬೆ ಮುರಿದರೆ ಬಾಬಾ ಸಿಟ್ಟಾಗುತ್ತಾನೆ ಎಂಬ ನಂಬಿಕೆ. ಕೊಡಗಿನ ದೇವರಕಾಡು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಧೌ ಮರಗಳು ಎದ್ದು ನಿಂತಿವೆ. 2016ರಲ್ಲಿ ಹರಿಯಾಣ ಸರ್ಕಾರ ಇಲ್ಲಿ ಕಟ್ಟಡ ಕಟ್ಟದಂತೆ ನಿಷೇಧಿಸಿತು. ಅರಣ್ಯ ಶಾಸ್ತ್ರ ಓದದ ದನಗಾಹಿಗಳು ಉಳಿಸಿಟ್ಟ ಕಾಡೇ ಇಂದು ವಿಜ್ಞಾನಿಗಳಿಗೆ ಮಾದರಿ.

ಗುರ್ಗಾಂವ್‌ನಲ್ಲೂ ಇಂಥದ್ದೇ ಪ್ರಯತ್ನ ನಡೆಯಿತು. ಸುಮಾರು 390 ಎಕರೆಯ ಹಳೆಯ ಗಣಿ ಜಾಗದಲ್ಲಿ 2010ರಿಂದ ಊರ ನಾಗರಿಕರ ಸಂಸ್ಥೆಯೊಂದು ಮುಂದೆ ನಿಂತು, ವಿಜಯ್ ಧಸ್ಮಾನಾ ಅವರ ಮೇಲ್ವಿಚಾರಣೆಯಲ್ಲಿ, ಅರಾವಳಿ ಗಿಡಗಳ ಬೀಜ ಹುಡುಕಿ ತಂದು ನರ್ಸರಿ ಮಾಡಿತು. ಸರ್ಕಾರಿ ನರ್ಸರಿಯಲ್ಲಿ ಇಂಥ ಗಿಡ ಸಿಗುವುದಿಲ್ಲ. ಧೌ ಬೀಜದಲ್ಲಂತೂ ಬಹುಪಾಲು ಜೊಳ್ಳು. ನಾನೂ ಒಂದು ಮಳೆಗಾಲ ನಮ್ಮ ಕಾಲೋನಿಯವರ ಜೊತೆ ಅಲ್ಲಿ ಗಿಡ ನೆಡಲು ಹೋಗಿದ್ದೆ. ಹಾರೆ ಹಾಕಿದರೆ ಠಣ್ ಎನ್ನುವ ನೆಲ. ಎರಡು ತಾಸಿನಲ್ಲಿ ಮೂರು ಜನ ಸೇರಿ ನೆಟ್ಟದ್ದು ಒಂಬತ್ತು ಸಸಿ. ಜೊತೆಗಿದ್ದ ಹುಡುಗನೊಬ್ಬ "ಅಂಕಲ್, ಇದು ಒಣಕಡ್ಡಿ ಥರ ಇದೆಯಲ್ಲ" ಅಂದ. ಅಲ್ಲಿನ ಮಾಲಿ ನಕ್ಕು, ಇದು ಮೊದಲು ಕೆಳಗೆ ಬೆಳೆಯುತ್ತದೆ, ಆಮೇಲೆ ಮೇಲೆ ಅಂದ. 2022ರ ಫೆಬ್ರವರಿಯಲ್ಲಿ ಆ ಉದ್ಯಾನಕ್ಕೆ ಸಂರಕ್ಷಿತ ಪ್ರದೇಶವಲ್ಲದಿದ್ದರೂ ಜೀವವೈವಿಧ್ಯ ಕಾಪಾಡುವ ತಾಣ ಎಂಬ ಮಾನ್ಯತೆ ದೇಶದಲ್ಲೇ ಮೊದಲು ಸಿಕ್ಕಿತು.

ತೋಟವೂ ಇರಲಿ

ಹಾಗಾದರೆ ತೋಟ ಮಾಡುವುದೇ ತಪ್ಪೇ? ಅಲ್ಲ. ಹುಮಾಯೂನ್ ಸಮಾಧಿಯ ಪಕ್ಕದ ಸುಂದರ್ ನರ್ಸರಿಗೆ ಹೋಗಿ ಬನ್ನಿ. ಹೊಸ ದಿಲ್ಲಿ ಕಟ್ಟುವಾಗ ಯಾವ ಮರ ಈ ಊರಿನಲ್ಲಿ ಬದುಕೀತು ಎಂದು ಪರೀಕ್ಷೆ ಮಾಡಿದ ಸಸ್ಯಕ್ಷೇತ್ರ ಅದು. ಆಗಾ ಖಾನ್ ಟ್ರಸ್ಟ್ ಅದನ್ನು ಸರಿಪಡಿಸಿ 2018ರಲ್ಲಿ 90 ಎಕರೆಯ ಉದ್ಯಾನವಾಗಿ ಜನರಿಗೆ ತೆರೆಯಿತು. ನಡುವೆ ಮೊಗಲ್ ಮಾದರಿಯ ನೀರಿನ ಕಾಲುವೆ, ಹೂವಿನ ಮಡಿ, ಎಲ್ಲ ಇದೆ. ಒಂದು ಬದಿಗೆ ಹೋದರೆ ಕೋಹಿ, ಖಾದರ್, ಬಾಂಗರ್, ಡಾಬರ್, ಅದೇ ನಾಲ್ಕು ಮಣ್ಣು, ಪ್ರತಿಯೊಂದಕ್ಕೂ ಅದರದೇ ಗಿಡ. ತೋಟಕ್ಕೆ ತೋಟದ ಜಾಗ, ಕಾಡಿಗೆ ಕಾಡಿನ ಜಾಗ. ನಮ್ಮ ದಕ್ಷಿಣ ದಿಲ್ಲಿಯ ಫಾರ್ಮ್ ಹೌಸುಗಳಲ್ಲಿ ಗುಡ್ಡವನ್ನೇ ಮಟ್ಟ ಮಾಡಿ ಬೋರ್ ನೀರು ಹಾಯಿಸಿ ಹುಲ್ಲುಹಾಸು ಬೆಳೆಸುವವರು ಒಮ್ಮೆ ಇದನ್ನು ನೋಡಬೇಕು.

ಈಗ ಬನ್ನಿಯ ಮಾತು ಹೇಳಿ ಮುಗಿಸುತ್ತೇನೆ. ದಸರೆಯಲ್ಲಿ ನಾವು "ಬಂಗಾರದ್ಹಾಂಗ ಇರೋಣು" ಎಂದು ಕೈಗೆ ಕೊಡುವ ಬನ್ನಿ, ರಾಜಸ್ಥಾನದ ಖೇಜ್ಡಿ, ದಿಲ್ಲಿಯ ಜಾಂಡ್, ಎಲ್ಲ ಒಂದೇ ಮರ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಬಿಷ್ಣೋಯಿ ಜನ ಅಪ್ಪಿ ಹಿಡಿದು ಪ್ರಾಣ ಕೊಟ್ಟದ್ದು ಇದೇ ಮರಕ್ಕೆ. ಸಸ್ಯಶಾಸ್ತ್ರದಲ್ಲಿ ಬನ್ನಿ ಮತ್ತು ಬಳ್ಳಾರಿ ಜಾಲಿ ನೂರಾರು ವರ್ಷ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿದ್ದವು, ದೂರದ ದಾಯಾದಿಗಳ ಹಾಗೆ. 2022ರಲ್ಲಿ ವಿಜ್ಞಾನಿಗಳು ಕುಲವನ್ನೇ ಒಡೆದು ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಬೇರೆ ಮನೆಗೆ ಕಳಿಸಿದರು. ಬನ್ನಿ ಹಳೆಯ ಮನೆಯಲ್ಲೇ ಉಳಿಯಿತು.

ನಾನೂ ಹೊರಗಿನಿಂದ ಬಂದವನೇ. ಹಾಗಾಗಿ "ಹೊರಗಿನದನ್ನು ಕಿತ್ತು ಹಾಕಿ" ಎಂಬ ಮಾತು ಕೇಳಿದಾಗ ಕಿವಿ ನಿಮಿರುತ್ತದೆ. ಆದರೆ ಯೋಚಿಸಿ ನೋಡಿದರೆ ಕೀಕರ್ ಮೇಲಿನ ದೂರು ಅದು ಹೊರಗಿನದು ಎಂಬುದಲ್ಲ. ಮೆಣಸಿನಕಾಯಿ ಅಮೆರಿಕದ್ದು, ಹುಣಸೆ ಮತ್ತು ರಾಗಿ ಆಫ್ರಿಕದವು. ಅವಿಲ್ಲದೆ ನಮ್ಮ ಅಡಿಗೆಯೇ ಇಲ್ಲ. ಅವು ಬಂದು ಪಕ್ಕದವರ ಜೊತೆ ಕೂತವು. ಕೀಕರ್ ಬೇರೆಯವರಿಗೆ ಜಾಗ ಬಿಡಲಿಲ್ಲ. ಅದೂ ತಾನಾಗಿ ಬಂದದ್ದಲ್ಲ, ಬೇಗ ಹಸಿರು ಬೇಕೆಂದು ಆತುರಪಟ್ಟವರು ತಂದು ಒಂದನ್ನೇ ನೆಟ್ಟದ್ದು. ಆದ್ದರಿಂದಲೇ ರೆಂಬೆ ಸವರಿ ಬಿಸಿಲು ಬಿಡುವ ದಾರಿ ನನಗೆ ನ್ಯಾಯವಾಗಿ ಕಾಣುತ್ತದೆ. 2021ರಲ್ಲಿ ಮಧ್ಯ ರಿಡ್ಜ್‌ನಲ್ಲೂ ಇದೇ ದಾರಿಯ ಕೆಲಸಕ್ಕೆ ಸಣ್ಣ ತುಂಡೊಂದರಲ್ಲಿ ಕೈಹಾಕಿದರು. ಅತ್ತ ದಕ್ಷಿಣ ರಿಡ್ಜ್‌ನಲ್ಲಿ 2024ರ ಫೆಬ್ರವರಿಯಲ್ಲಿ ರಸ್ತೆ ಅಗಲ ಮಾಡಲು ಅನುಮತಿಯಿಲ್ಲದೆ ಸುಮಾರು 1,100 ಮರ ಕಡಿದರು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನ್ಯಾಯಾಂಗ ನಿಂದನೆ ಎಂದಿತು. ಒಂದು ಕೈ ನೆಡುತ್ತದೆ, ಇನ್ನೊಂದು ಕೈ ಕಡಿಯುತ್ತದೆ. ಹೊರೆ ಹೊರುವ ಹೆಂಗಸರಿಗೆ ಸೌದೆಯ ಬದಲು ಏನು ಎಂಬ ಅವ್ವನ ಪ್ರಶ್ನೆಯೂ ಹಾಗೇ ಇದೆ. ಸವರಿದ ರೆಂಬೆಗಳನ್ನಾದರೂ ಅವರಿಗೆ ಬಿಡಬಹುದಲ್ಲವೇ?

ದಿಲ್ಲಿಯಲ್ಲಿರುವವರು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ವಸಂತ ವಿಹಾರದ ಕಡೆಯಿಂದ ಅರಾವಳಿ ಉದ್ಯಾನಕ್ಕೆ ಹೋಗಿ. ಆರ್.ಕೆ.ಪುರಂನ ನಮ್ಮ ಕರ್ನಾಟಕ ಸಂಘದಿಂದ ದೂರವೇನಿಲ್ಲ. ಮಾರ್ಚಿನಲ್ಲಿ ಹೋದರೆ ಮುತ್ತುಗ ಹೂ ಬಿಟ್ಟಿರುತ್ತದೆ. ಪುಣೆ, ಚೆನ್ನೈ, ಹೈದರಾಬಾದಿನಲ್ಲಿರುವವರು ನಿಮ್ಮ ಮನೆಯ ಹತ್ತಿರದ ಗುಡ್ಡದಲ್ಲಿ, ಕೆರೆಯಂಗಳದಲ್ಲಿ ಏನು ಬೆಳೆದಿದೆ, ಅಲ್ಲಿನ ಹಳಬರು ಅದನ್ನು ಏನೆಂದು ಕರೆಯುತ್ತಾರೆ, ಅದಕ್ಕೂ ಮೊದಲು ಅಲ್ಲಿ ಏನಿತ್ತು ಎಂದು ಒಮ್ಮೆ ವಿಚಾರಿಸಿ. ಗೊತ್ತಾದರೆ ನನಗೂ ತಿಳಿಸಿ.